ಹೆವಿ ಲೈಸೆನ್ಸ್ ಮೀಮಾಂಸೆ ಅಥವಾ ಖಾಲಿ ಲಾರಿ ಸಿದ್ಧಾಂತ

ಲಾರಿಯನ್ನು ಕುರಿತು ಕನ್ನಡನಾಡಿನಲ್ಲಿ ಈವರೆಗೆ ನಡೆದಿರುವ ಚಿಂತನೆಯೆಲ್ಲ ಲಾರಿಯ ಹಿಂಬದಿಯಲ್ಲೇ ನಡೆದಿದೆ. ತಂದೆತಾಯಿಯ ಆಶೀರ್ವಾದ, ಊರದೇವರ ಹೆಸರು, ಹೊಟ್ಟೆಕಿಚ್ಚಿನವರಿಗೆ ಎರಡು ಮಾತು, ಕೊನೆಗೆ ಹಾರ್ನ್ ಮಾಡಬೇಕೆಂಬ ವಿನಂತಿ. ಈ ಚತುರ್ವಿಧ ಸಾಹಿತ್ಯವನ್ನು ಓದದ ಕನ್ನಡಿಗನಿಲ್ಲ. ಆದರೆ ಅದೇ ಲಾರಿಯ ಮುಂದಿನ ಸೀಟಿನಲ್ಲಿ ಕೂತ ಮನುಷ್ಯ ಅಲ್ಲಿಗೆ ಹೇಗೆ ಬಂದ, ಯಾವ ಯಾವ ಫಾರಂ ದಾಟಿ ಬಂದ ಎಂಬುದನ್ನು ನಮ್ಮ ವಿದ್ವಾಂಸರು ಕಣ್ಣೆತ್ತಿ ನೋಡಿಲ್ಲ. ಅದರಲ್ಲೂ ವಾರವಿಡೀ ಬೇರೆ ಕಸುಬು ಮಾಡಿ ಶನಿವಾರ ರಾತ್ರಿ ಮಾತ್ರ ಸ್ಟೇರಿಂಗ್ ಹಿಡಿಯುವ ಬದಲಿ ಡ್ರೈವರ್, ಜನ ‘ಆಕ್ಟಿಂಗ್ ಡ್ರೈವರ್’ ಎಂದು ಕರೆಯುವ ಜೀವಿ, ಶಾಸ್ತ್ರದ ಕಣ್ಣಿಗೆ ಬಿದ್ದೇ ಇಲ್ಲ. ಆ ಕೊರತೆಯನ್ನು ನೀಗುವ ದುಸ್ಸಾಹಸವೇ ಪ್ರಸ್ತುತ ಪ್ರಬಂಧ.

ಅಧ್ಯಯನಕ್ಕೆ ಆರಿಸಿಕೊಂಡ ಮಾಹಿತಿದಾರ ಚಿತ್ರದುರ್ಗ ಸೀಮೆಯವನು. ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಈರುಳ್ಳಿ ಸುಗ್ಗಿ ಬಂತೆಂದರೆ ಆ ಕಡೆಯಿಂದ ಬೆಂಗಳೂರಿನ ಯಶವಂತಪುರ ಮಾರ್ಕೆಟ್ಟಿಗೆ ಲಾರಿಗಳು ಸಾಲುಗಟ್ಟುತ್ತವೆ, ಡ್ರೈವರುಗಳು ಸಾಲುವುದಿಲ್ಲ. ವಾರಕ್ಕೊಂದು ಟ್ರಿಪ್ಪು ಹೊಡೆದರೂ ಅಂಗಡಿಯ ಬಾಡಿಗೆ ಹುಟ್ಟುತ್ತದೆ ಎಂಬುದು ಅವನ ಪ್ರಮೇಯ. ಸಂಶೋಧನಾ ವಿಧಾನವೆಂದರೆ, ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ಪ್ರಶ್ನೆ ಕೇಳುವುದು ಮತ್ತು ಅವನೇ ತರಿಸಿದ ಟೀ ಕುಡಿಯುವುದು.

ಮೊದಲು ಪರಂಪರೆಯ ವಿಚಾರ. ಅರೆಕಾಲಿಕ ಸಾರಥ್ಯದ ಮೂಲಪುರುಷ ನಳ ಮಹಾರಾಜನೇ ಎಂಬುದು ಪ್ರಬಂಧಕಾರನ ಖಚಿತ ನಿಲುವು. ರಾಜ್ಯ ಕಳೆದುಕೊಂಡು, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಬಳಿ ಕೆಲಸಕ್ಕೆ ನಿಂತಾಗ ಅವನಿಗೆ ಲಾಯದ ಉಸ್ತುವಾರಿಯೂ ಇತ್ತು, ಅಡುಗೆಯೂ ಇತ್ತು. ದಮಯಂತಿಯ ಎರಡನೇ ಸ್ವಯಂವರದ ಸುದ್ದಿ ಬಂದದ್ದೇ ತಡ, ಒಂದೇ ದಿನದಲ್ಲಿ ವಿದರ್ಭ ಮುಟ್ಟಿಸಬೇಕೆಂಬ ಅರ್ಜೆಂಟ್ ಟ್ರಿಪ್ಪು ಅವನ ತಲೆಗೆ ಬಿತ್ತು. ಕ್ಲೀನರ್ ಸ್ಥಾನದಲ್ಲಿ ವಾರ್ಷ್ಣೇಯ. ದಾರಿಯಲ್ಲಿ ರಾಜನ ಉತ್ತರೀಯ ಹಾರಿಹೋಯಿತು. ನಿಲ್ಲಿಸಪ್ಪಾ ಎನ್ನುವಷ್ಟರಲ್ಲಿ ರಥ ಒಂದು ಯೋಜನ ಮುಂದೆ ಬಂದಿತ್ತು. ಇಂದು ಲಾರಿಗಳು ಗಂಟೆಗೆ 80 ಕಿ.ಮೀ. ದಾಟದಂತೆ ವೇಗ ನಿಯಂತ್ರಕ ಕೂರಿಸುವುದರ ಹಿಂದೆ ಈ ಪ್ರಕರಣದ ನೆರಳಿದೆಯೆಂದು ಶಂಕಿಸಲು ಧಾರಾಳ ಅವಕಾಶವಿದೆ. ಮುಂದಿನ ಘಟನೆ ಇನ್ನೂ ಗಹನ. ದಾರಿಬದಿಯ ತಾರೆಮರವೊಂದರಲ್ಲಿ ಎಲೆಯೆಷ್ಟು, ಕಾಯೆಷ್ಟು ಎಂಬುದನ್ನು ಋತುಪರ್ಣ ಕೂತಲ್ಲೇ ಹೇಳಿಬಿಡುತ್ತಾನೆ. ನಳ ನಂಬುವುದಿಲ್ಲ. ರಥ ನಿಲ್ಲಿಸಿ, ಮರ ಕಡಿದು ಕೆಡವಿ, ಎಣಿಸಿಯೇ ನೋಡುತ್ತಾನೆ. ಮಾಲೀಕನಿಗೆ ಲೆಕ್ಕ ಗೊತ್ತು, ಡ್ರೈವರನಿಗೆ ಕುದುರೆ ಗೊತ್ತು, ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಸಾಗಣೆ ಉದ್ಯಮದ ಸಂವಿಧಾನ ಅಂದೇ ಜಾರಿಗೆ ಬಂತು. ಆ ದಾರಿಯುದ್ದಕ್ಕೂ ಯಾರಾದರೂ ಕೈ ಅಡ್ಡ ಹಾಕಿ ನಳನ ಲೈಸೆನ್ಸ್ ಕೇಳಿದ ಪ್ರಸ್ತಾಪ ಮಹಾಭಾರತದಲ್ಲಿಲ್ಲ.

ಇನ್ನು ತತ್ತ್ವ. 1988ರ ಮೋಟಾರು ವಾಹನ ಕಾಯ್ದೆ ಮೂಲಸೂತ್ರ, ಕೇಂದ್ರ ನಿಯಮಾವಳಿ ಅದರ ಭಾಷ್ಯ, ಆರ್‌ಟಿಒ ಕಚೇರಿಗಳ ಎದುರಿನ ಹುಣಸೇಮರದಡಿ ಕೂತ ಏಜೆಂಟರದು ಟೀಕು. ಈ ಪ್ರಸ್ಥಾನತ್ರಯವನ್ನು ಬಹುಕಾಲ ಕಾಡಿದ ಪ್ರಶ್ನೆಯೊಂದಿದೆ. ಲಘು ಮೋಟಾರು ವಾಹನವೂ ಲಘು ಸಾರಿಗೆ ವಾಹನವೂ ಒಂದೆಯೋ, ಬೇರೆ ಬೇರೆಯೋ? ಕಾರಿನ ಲೈಸೆನ್ಸ್ ಇದ್ದವನು ಬಾಡಿಗೆಯ ಚಿಕ್ಕ ಗೂಡ್ಸ್ ಗಾಡಿ ಓಡಿಸಬಹುದೋ, ಬಾರದೋ? ವಿಮಾ ಕಂಪನಿಗಳು ಕಟ್ಟಾ ದ್ವೈತಿಗಳು. ಕಾರು ಬೇರೆ, ಗೂಡ್ಸ್ ಬೇರೆ, ಭೇದ ನಿತ್ಯ ಮತ್ತು ಸತ್ಯ, ಆದಕಾರಣ ಪರಿಹಾರ ಕೊಡೆವು ಎಂಬುದು ಅವರ ಮತ. 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದ್ವೈತವನ್ನು ಎತ್ತಿಹಿಡಿಯಿತು. ವಾದ ಅಲ್ಲಿಗೂ ನಿಲ್ಲಲಿಲ್ಲ. ಕಡೆಗೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೂತು, 2024ರ ನವೆಂಬರ್ 6ರಂದು ನಿರ್ಣಯ ಕೊಟ್ಟಿತು. ವಾಹನದ ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಎರಡೂ ಒಂದೇ, ಕಾರಿನ ಲೈಸೆನ್ಸೇ ಸಾಕು. ಮೇಲೆ ಹೋದರೆ ಬೇರೆ. ಜೀವ-ಬ್ರಹ್ಮರ ವಿಷಯದಲ್ಲಿ ಆಚಾರ್ಯತ್ರಯರಿಗೆ ತೂಕದ ಕಾಟಾ ಒದಗಿದ್ದರೆ ಎಷ್ಟು ತಾಳೆಗರಿ ಉಳಿಯುತ್ತಿತ್ತು ಎಂದು ಯೋಚಿಸಿದಾಗ ವ್ಯಥೆಯಾಗುತ್ತದೆ.

ನಮ್ಮ ಮಾಹಿತಿದಾರನಿಗೆ ಮಾತಾಗಿದ್ದ ಈರುಳ್ಳಿ ಲಾರಿಯ ಒಟ್ಟು ತೂಕ ಆ ಗೆರೆಯ ಇಮ್ಮಡಿಗೂ ಮೇಲೆ. ಹೀಗಾಗಿ ಅವನು ಹುಟ್ಟಾ ದ್ವೈತಿ, ಹೆವಿ ಲೈಸೆನ್ಸ್ ಮಾಡಿಸದೆ ಗತಿಯಿಲ್ಲ. ಇಪ್ಪತ್ತು ವರ್ಷ ತುಂಬಿರಬೇಕು, ತುಂಬಿ ಬಹಳ ದಿನವಾಗಿತ್ತು. ಕಾರಿನ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು, ಆಗಿತ್ತು. ಎಂಟನೇ ಕ್ಲಾಸು ಪಾಸಾಗಿರಬೇಕೆಂಬ ಷರತ್ತು 2019ರಲ್ಲೇ ಎದ್ದುಹೋಗಿದೆ. ಇದರಿಂದ ಅವನಿಗೆ ಬೇಸರವೇ ಆಯಿತು. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಹೊಡೆದು ಇಟ್ಟುಕೊಂಡಿದ್ದ.

ಆಮೇಲೆ ದೇಹಪರೀಕ್ಷೆ. ಫಾರಂ 1ಎ ಎಂಬ ಪತ್ರದಲ್ಲಿ ವೈದ್ಯರು ಅರ್ಜಿದಾರನ ಶರೀರದ ಬಗ್ಗೆ ಪ್ರಮಾಣ ಮಾಡಿ ಬರೆದುಕೊಡಬೇಕು. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟು ಓದಬಲ್ಲನೇ, ಕೆಂಪು-ಹಸಿರು ಗುರುತಿಸಬಲ್ಲನೇ, ಇರುಳುಗಣ್ಣು ಇದೆಯೇ, ಕೈಕಾಲು ನೆಟ್ಟಗಿವೆಯೇ? ಈ ಫಾರಂ ಮೊದಲೇ ಇದ್ದಿದ್ದರೆ ಸೂರ್ಯೋದಯಕ್ಕೆ ಅಡಚಣೆಯಾಗುತ್ತಿತ್ತು ಎಂಬುದನ್ನು ಗಮನಿಸಬೇಕು. ಸೂರ್ಯನ ಸಾರಥಿ ಅರುಣನಿಗೆ ತೊಡೆಗಳೇ ಇಲ್ಲ, ಅವನ ಹೆಸರೇ ಅನೂರು. ಯಾವ ಸಿವಿಲ್ ಸರ್ಜನ್ ಸಹಿ ಹಾಕುತ್ತಿದ್ದ? ಗಾಡಿಗೆ ಎಫ್‌ಸಿ ಮಾಡಿಸಲು ಹೋಗಿದ್ದರಂತೂ ಒಂದೇ ಚಕ್ರ ಕಂಡವರೇ ವಾಪಸ್ ಅಟ್ಟುತ್ತಿದ್ದರು. ಆದರೂ ಅರುಣ ಇಂದಿನವರೆಗೆ ಒಂದು ದಿನ ಲೇಟಾಗಿ ಬಂದಿಲ್ಲ. ಅನುಭವ ಪ್ರಮಾಣವನ್ನು ಶಾಸ್ತ್ರ ಪ್ರಮಾಣ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ದೇಹಶುದ್ಧಿಯಾದ ಮೇಲೆ ಎಲ್‌ಎಲ್‌ಆರ್. ಈ ಅವಸ್ಥೆಯಲ್ಲಿರುವವನು ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ‘ಎಲ್’ ಧರಿಸಬೇಕು. ಅಕ್ಷರದ ಎತ್ತರ ಕನಿಷ್ಠ 10 ಸೆಂ.ಮೀ., ದಪ್ಪ 2 ಸೆಂ.ಮೀ., ಬುಡದ ಅಗಲ 9 ಸೆಂ.ಮೀ. ಎಂದು ನಿಯಮವೇ ಹೇಳುತ್ತದೆ. ಪಂಚಾಂಗ ಶುದ್ಧಿಯನ್ನೂ ನಾಚಿಸುವ ಈ ಶಿಸ್ತಿಗೆ ಪ್ರಬಂಧಕಾರ ತಲೆಬಾಗುತ್ತಾನೆ. ಮೂವತ್ತು ದಿನ ಕಳೆಯುವವರೆಗೆ ಟೆಸ್ಟ್ ಕೊಡುವಂತಿಲ್ಲ, ಆರು ತಿಂಗಳು ದಾಟಿದರೆ ಎಲ್‌ಎಲ್‌ಆರ್ ಸತ್ತಂತೆ. ಈ ನಡುವೆ ಡ್ರೈವಿಂಗ್ ಸ್ಕೂಲಿನಿಂದ ಫಾರಂ 5 ತರಬೇಕು. ಹೆವಿ ಗಾಡಿಗೆ ಮೂವತ್ತು ದಿನದ ತರಬೇತಿ, ಅದರಲ್ಲಿ ಹದಿನೈದು ಗಂಟೆಯಾದರೂ ಸ್ಟೇರಿಂಗ್ ಹಿಡಿದಿರಬೇಕು ಎಂದು ಪಠ್ಯಕ್ರಮ. ಬೇರೆ ವಾಹನದವರೊಂದಿಗೆ ಸೌಜನ್ಯದಿಂದ ನಡೆದುಕೊಳ್ಳುವ ಪಾಠವೂ ಅದರಲ್ಲಿದೆ. ಆ ಪಾಠದ ದಿನ ಎಲ್ಲ ಡ್ರೈವರುಗಳೂ ಏಕಕಾಲಕ್ಕೆ ರಜೆ ಹಾಕಿದ್ದು ಹೇಗೆಂಬುದು ಪ್ರತ್ಯೇಕ ಪಿಎಚ್‌ಡಿಗೆ ಯೋಗ್ಯ ವಿಷಯ.

ಸ್ಕೂಲಿನ ಲಾರಿಯನ್ನು ಹತ್ತಿರದಿಂದ ನೋಡುವುದು ಅಗತ್ಯ. ಬಾನೆಟ್ಟಿನ ಮೇಲೆ ಒಂದು ಪದರ ಬಣ್ಣ, ಅದರಡಿ ಇನ್ನೊಂದು ಬಣ್ಣ, ತುಕ್ಕು ತಿಂದಲ್ಲಿ ಮೂರನೆಯದು. ಗೇರ್ ಲಿವರಿನ ಗುಂಡಿ ಸವೆದು ನಂಬರುಗಳೆಲ್ಲ ಅಳಿಸಿವೆ. ಎರಡನೇ ಗೇರು ಎಲ್ಲಿದೆಯೆಂಬುದು ಗುರುಮುಖೇನವೇ ತಿಳಿಯಬೇಕಾದ ರಹಸ್ಯ. ಮೇಷ್ಟ್ರ ಕಾಲಡಿಯಲ್ಲಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು. ಹಿಂದಿನ ಬಾಡಿಯಲ್ಲಿ ಒಂದು ಸ್ಟೆಪ್ನಿ, ಎರಡು ಖಾಲಿ ಡಬ್ಬ, ಸರದಿಗೆ ಕಾಯುವ ನಾಲ್ವರು ಶಿಷ್ಯರು. ಇವಿಷ್ಟೇ ಲೋಡು.

ಟೆಸ್ಟಿನ ದಿನವೂ ಇದೇ ಲಾರಿ. ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರ ಸಮ್ಮುಖದಲ್ಲಿ ಕನ್ನಡಿ ಸರಿಮಾಡಿಕೊಳ್ಳಬೇಕು, ಕೈ ಹೊರಚಾಚಿ ಸನ್ನೆ ತೋರಿಸಬೇಕು, ಗೇರು ಏರಿಸಿ ಇಳಿಸಬೇಕು, ನೆಟ್ಟಗೆ ರಿವರ್ಸ್ ತೆಗೆಯಬೇಕು. ಮಾಹಿತಿದಾರ ಎಲ್ಲವನ್ನೂ ಮಾಡಿದ. ಪಾಸಾದ. ಸಾರಿಗೆ ವಾಹನಕ್ಕೆ ಐದು ವರ್ಷ ಚಾಲ್ತಿಯಿರುವ ಕಾರ್ಡು ಮನೆಗೆ ಬಂತು, ಅವನ ಹೆಂಡತಿ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು.

ಇಲ್ಲಿಂದ ಪ್ರಬಂಧದ ಮುಖ್ಯ ಸಿದ್ಧಾಂತ ಹೊರಡುತ್ತದೆ. ಸರ್ಕಾರ ಕಲಿಸುವುದು ಖಾಲಿ ಲಾರಿ, ಪರೀಕ್ಷಿಸುವುದು ಖಾಲಿ ಲಾರಿ, ಲೈಸೆನ್ಸ್ ಕೊಡುವುದು ತುಂಬಿದ ಲಾರಿಗೆ. ಖಾಲಿ ಲಾರಿಯೂ ತುಂಬಿದ ಲಾರಿಯೂ ಒಂದೇ ಎಂಬ ಪರಮ ಅದ್ವೈತದಲ್ಲಿ ಅದಕ್ಕೆ ಅಚಲ ನಂಬಿಕೆ. ಪ್ರತ್ಯಕ್ಷ ಪ್ರಮಾಣವಾದರೋ ಬೇರೆ ಮಾತಾಡುತ್ತದೆ. ಖಾಲಿಯಿದ್ದಾಗ ಬ್ರೇಕು ಮೆಟ್ಟಿದಲ್ಲೇ ನಿಲ್ಲುವ ಗಾಡಿ ಮೂಟೆ ಹೇರಿದ ಮೇಲೆ ಇನ್ನಷ್ಟು ದೂರ ಕೇಳುತ್ತದೆ. ಎತ್ತರಕ್ಕೆ ಹೇರಿದ ಚೀಲ ತಿರುವಿನಲ್ಲಿ ಮೈ ವಾಲಿಸುತ್ತದೆ, ಆ ವಾಲುವಿಕೆ ಮೊದಲು ಗೊತ್ತಾಗುವುದು ಡ್ರೈವರನ ಸೊಂಟಕ್ಕೆ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಕೊಂಡು ಹೋದರೆ ಡ್ರಮ್ಮು ಕಾದು ಹಿಡಿತ ಬಿಡುತ್ತದೆ. ಇಳಿಯುವ ಮೊದಲೇ ಚಿಕ್ಕ ಗೇರಿಗೆ ಬರಬೇಕು, ಇಂಜಿನ್ನೇ ಗಾಡಿಯನ್ನು ತಡೆಯುವಂತೆ ಬಿಡಬೇಕು. ಏರ್ ಬ್ರೇಕಿನ ಗಾಳಿ ಇಳಿದಾಗ ಬಜರ್ ಕೂಗಿಕೊಳ್ಳುತ್ತದೆ. ಸ್ಕೂಲಿನ ಲಾರಿಯ ಬಜರ್ ಬಹಳ ಹಿಂದೆಯೇ ಮೌನವ್ರತ ಹಿಡಿದಿತ್ತು, ಹೀಗಾಗಿ ಆ ನಾದ ಹೇಗಿರುತ್ತದೆಂಬುದು ಶಿಷ್ಯಕೋಟಿಗೆ ಶಬ್ದಪ್ರಮಾಣದಿಂದಲೂ ಗೊತ್ತಿಲ್ಲ.

ಕಾಯಂ ಡ್ರೈವರನಿಗೆ ಇವೆಲ್ಲ ಗೊತ್ತು. ಅವನು ಕ್ಲೀನರ್ ಆಗಿ ವರ್ಷಗಟ್ಟಲೆ ಎಡಬದಿಯ ಬಾಗಿಲು ಬಡಿದು, ಡಾಬಾಗಳಲ್ಲಿ ಬೈಸಿಕೊಂಡು ಮೇಲೆ ಬಂದವನು. ಬದಲಿ ಡ್ರೈವರ್ ಹಾಗಲ್ಲ. ಅವನನ್ನು ಕರೆಯುವುದೇ ಕಾಯಂ ಡ್ರೈವರ್ ಇಲ್ಲದ ರಾತ್ರಿ, ಅಂದರೆ ಹಬ್ಬದ ಹಿಂದುಮುಂದು, ಜ್ವರದ ಕಾಲ, ಸುಗ್ಗಿಯ ನೂಕುನುಗ್ಗಲು. ಲೋಡು ಹೆಚ್ಚಿರುವ ದಿನವೇ ಅನುಭವ ಕಡಿಮೆಯಿರುವವನು ಸೀಟಿನಲ್ಲಿರುತ್ತಾನೆ. ಓವರ್‌ಲೋಡಿಗೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಹೊರೆ ಹೆಚ್ಚಾದದ್ದನ್ನು ಕಾಟಾ ತೋರಿಸುತ್ತದೆ, ಅನುಭವ ಕಮ್ಮಿಯಾದದ್ದನ್ನು ತೋರಿಸುವ ಕಾಟಾ ಇನ್ನೂ ಬಂದಿಲ್ಲ.

ನಿದ್ದೆಯ ಲೆಕ್ಕವೂ ಹಾಗೆಯೇ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ದುಡಿದರೆ ಅರ್ಧ ಗಂಟೆಯಾದರೂ ವಿಶ್ರಾಂತಿ ಇತ್ತು. ಅದೂ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ. ಒಂದು ಲಾರಿಯ ಓನರ್, ಒಬ್ಬ ಕ್ಲೀನರ್, ಒಬ್ಬ ಬಾಡಿಗೆ ಜೀವ, ಕೂಡಿಸಿದರೆ ಮೂರೇ. ಮೇಲಾಗಿ ನಮ್ಮವನು ಬೆಳಿಗ್ಗೆಯಿಂದ ಜೆರಾಕ್ಸ್ ಯಂತ್ರದ ಮುಂದೆ ನಿಂತದ್ದು ಯಾವ ಟ್ರಿಪ್‌ಶೀಟಿನಲ್ಲೂ ಬರುವುದಿಲ್ಲ. ಶಾಸ್ತ್ರದ ದೃಷ್ಟಿಯಲ್ಲಿ ಅವನು ರಾತ್ರಿ ಒಂಬತ್ತಕ್ಕೆ ಹೊಸದಾಗಿ ಹುಟ್ಟುತ್ತಾನೆ.

ಇನ್ನುಳಿದದ್ದು ಪ್ರಯೋಗ. ಮೊದಲ ಲೋಡಿನ ರಾತ್ರಿ ಮಾಹಿತಿದಾರ ಕಾರ್ಡು ಹೊರತೆಗೆದು ಎರಡೂ ಕೈಯಲ್ಲಿ ಹಿಡಿದು ನಿಂತ. ಓನರ್ ಅದರತ್ತ ನೋಡಲಿಲ್ಲ.

“ಅದನ್ನ ಒಳಗಿಟ್ಕಳಪ್ಪ. ತಾಡಪಾಲ್ ಕಟ್ಟಾಕೆ ಬರ್ತೈತಾ?”

“ಬರ್ತೈತೆ ಸಾವ್ಕಾರ್ರೆ.”

ಬರುತ್ತಿರಲಿಲ್ಲ. ಇಡೀ ಪಠ್ಯಕ್ರಮದಲ್ಲಿ ಅವನಿಗೆ ಹಗ್ಗದ ಗಂಟು ಹಾಕಿ ತೋರಿಸಿದವರಿಲ್ಲ. ಹದಿನೇಳೋ ಹದಿನೆಂಟೋ ಆಗಿದ್ದ, ಕಾಯ್ದೆಯ ಪ್ರಕಾರ ಇನ್ನೂ ಹೆವಿ ಸೀಟಿಗೆ ಹತ್ತಬಾರದ ಕ್ಲೀನರ್ ಹುಡುಗ ಮೂಟೆಗಳ ಮೇಲೆ ಹತ್ತಿ, ಹಗ್ಗ ಎಸೆದು, ಕೊಕ್ಕೆಗೆ ಹೇಗೆ ಸುತ್ತಬೇಕು, ಮೊಣಕಾಲು ಕೊಟ್ಟು ಹೇಗೆ ಜಗ್ಗಬೇಕು, ಈರುಳ್ಳಿ ಬೆವರದಂತೆ ಎಲ್ಲಿ ಸ್ವಲ್ಪ ಸಂದು ಬಿಡಬೇಕು ಎಂಬುದನ್ನೆಲ್ಲ ತೋರಿಸಿಕೊಟ್ಟ. ಶುಲ್ಕವಿಲ್ಲ, ಫಾರಂ ಇಲ್ಲ. ಕೆಲಸ ಮುಗಿಸಿ ಕ್ಯಾಬಿನ್ನಿಗೆ ಬಂದು, ಸೀಟಿನ ಹಿಂದಿನ ಹಲಗೆಯ ಮೇಲೆ ಕಂಬಳಿ ಹಾಸಿಕೊಳ್ಳುತ್ತ ಹೊಸ ಡ್ರೈವರನಿಗೆ ಕೊನೆಯ ಉಪದೇಶವನ್ನೂ ಕೊಟ್ಟ.

“ಅಣ್ಣ, ಶಿರಾ ದಾಟಿದ ಮ್ಯಾಲೆ ನಿದ್ದೆ ಎಳೀತೈತೆ. ಎಳದ್ರೆ ನನ್ನ ಎಬ್ಬಿಸು.”