ಹಳೇ ಶೆಡ್ಡಿನ ಕಾಂಕ್ರೀಟು ನೆಲ: ಒಂದು ಜೀರ್ಣೋದ್ಧಾರ ಮೀಮಾಂಸೆ

1. ವಿಷಯ ಪ್ರವೇಶ

ಟ್ರ್ಯಾಕ್ಟರು ನಿಲ್ಲಿಸುವುದಕ್ಕೆಂದು ಕಟ್ಟಿಸಿದ ಶೆಡ್ಡಿನಲ್ಲಿ ಟ್ರ್ಯಾಕ್ಟರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ ಎಂಬುದು ಲೊಕ್ಕನಹಳ್ಳಿ ಹೋಬಳಿಯ ಮಟ್ಟಿಗೆ ಸರ್ವಸಮ್ಮತ ಸಿದ್ಧಾಂತ. ರಾಗಿ ಮೂಟೆ, ಮುಸುಕಿನ ಜೋಳದ ಚೀಲ, ಸುಟ್ಟುಹೋದ ಬೋರ್‌ವೆಲ್ ಮೋಟಾರು, ಮಕ್ಕಳಿಗೆ ಮೀಸೆ ಬಂದರೂ ಬಿಸಾಡಲು ಮನಸ್ಸು ಬಾರದ ತೊಟ್ಟಿಲು, ಸೋತ ಅಭ್ಯರ್ಥಿ ಇನ್ನೂ ಕೈಮುಗಿದುಕೊಂಡೇ ಇರುವ ಫ್ಲೆಕ್ಸು. ಟ್ರ್ಯಾಕ್ಟರು ಹೊರಗೆ ಹುಣಸೆಮರದಡಿ ನಿಂತಿರುತ್ತದೆ. ಹೀಗಾಗಿ ಶೆಡ್ಡಿನ ನೆಲಕ್ಕೆ ಪ್ರತ್ಯಕ್ಷ ಪ್ರಮಾಣವಿಲ್ಲ. ಮೂಟೆಗಳು ಇನ್ನೂ ಪಾತಾಳಕ್ಕೆ ಇಳಿದಿಲ್ಲವಾದ್ದರಿಂದ ಕೆಳಗೆ ಏನೋ ಇದೆ ಎಂದು ಅನುಮಾನ ಪ್ರಮಾಣದಿಂದಲೇ ತಿಳಿಯತಕ್ಕದ್ದು.

2. ಐತಿಹಾಸಿಕ ಹಿನ್ನೆಲೆ

ಈ ನೆಲ 1956ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಗೆ ಸೇರಿತು. ಈಚೆಗೆ ತಾಲ್ಲೂಕೂ ಕೊಳ್ಳೇಗಾಲ ಹೋಗಿ ಹನೂರಾಯಿತು. ಇಷ್ಟೆಲ್ಲ ಓಡಾಡಿದ ನೆಲ ಬಿರುಕು ಬಿಡದೆ ಇರುತ್ತದೆಯೇ ಎಂಬುದು ಪೂರ್ವಪಕ್ಷ. ಇದು ಒಪ್ಪತಕ್ಕದ್ದಲ್ಲ. ಬಿರುಕಿಗೆ ಕಾರಣ ಗಡಿಯಲ್ಲ, ನೀರು.

ಕಾಂಕ್ರೀಟು ಕಲಸುವಾಗ ಸಲೀಸಾಗಿ ಹರಿಯಲೆಂದು ಒಂದು ಬಿಂದಿಗೆ ಹೆಚ್ಚಿಗೆ ಸುರಿಯುವುದು, ಹಾಕಿದ ಮೇಲೆ ಕುಡಿಸಬೇಕಾದ ನೀರನ್ನು ಉಳಿತಾಯ ಮಾಡುವುದು ನಮ್ಮ ಸೀಮೆಯ ಪದ್ಧತಿ. ಹೆಚ್ಚಾದ ನೀರು ಆವಿಯಾಗಿ ಹೋಗುವಾಗ ನೆಲ ಕುಗ್ಗಿ ಸೀಳುತ್ತದೆ. ಅದರ ಜೊತೆಗೇ ನುಣ್ಣನೆಯ ಸಿಮೆಂಟ್ ಹಾಲು ಮೇಲೆ ತೇಲಿ ಬಂದು ಒಣಗಿ, ಗುಡಿಸಿದಷ್ಟೂ ಧೂಳು ಕೊಡುವ ಅಕ್ಷಯ ಪದರವಾಗುತ್ತದೆ. ಐಎಸ್ 456:2000 ಎಂಬ ಸಂಹಿತೆ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ಒದ್ದೆ ಆರದಂತೆ ನೋಡಿಕೊಳ್ಳಿ ಎಂದು ವಿಧಿಸುತ್ತದೆ. ಲೊಕ್ಕನಹಳ್ಳಿ ಪಾಠಾಂತರದಲ್ಲಿ ಇದು ‘ಕರೆಂಟು ಇದ್ದ ದಿನ’ ಎಂದಿದೆ.

3. ಕಲೆಗಳ ಶಾಸನಶಾಸ್ತ್ರ

ಮೂಟೆ ಸರಿಸಿದಾಗ ಕಾಣುವ ಕಲೆಗಳನ್ನು ಶಾಸನದಂತೆ ಓದಬೇಕು. ಬಾಗಿಲ ಬಳಿಯ ಕರೀ ಮಚ್ಚೆ, ಟ್ರ್ಯಾಕ್ಟರು ಒಳಗಿದ್ದ ಆ ಒಂದೇ ಮಳೆಗಾಲದ ಇಂಜಿನ್ ಆಯಿಲ್. ಗೋಡೆ ಪಕ್ಕದ ಚೌಕನೆಯ ಸವೆತ, ಗೊಬ್ಬರದ ಮೂಟೆ ಬೆವರಿದ್ದರ ಗುರುತು. ಮೂಲೆಯಲ್ಲಿ ಅರಳಿದ ಬಿಳಿ ಹುಡಿ ಬೂಷ್ಟಲ್ಲ, ನೆಲದಡಿಯ ತೇವ ಮೇಲೇರಿ ಬಂದು ಒಣಗುವಾಗ ಬಿಟ್ಟುಹೋದ ಲವಣ.

ಸುಣ್ಣದ ತೆಳು ಪೊರೆ ಕಂಡರೆ ಅದು ರೇಷ್ಮೆ ಯುಗದ ಪಳೆಯುಳಿಕೆ. ಹುಳ ಸಾಕುವವರು ಬೆಳೆಗೆ ಮುಂಚೆ 0.3% ಸುಣ್ಣದ ತಿಳಿಯಲ್ಲಿ 2% ಬ್ಲೀಚಿಂಗ್ ಪುಡಿ ಕಲಸಿ ಮನೆ ತೊಳೆಯುವುದು ವಾಡಿಕೆ. ಹುಳ ಗೂಡು ಕಟ್ಟುವ ಚಂದ್ರಿಕೆಗಳು ಅಟ್ಟ ಸೇರಿದರೂ ಅರ್ಧ ಉಳಿದ ಬ್ಲೀಚಿಂಗ್ ಚೀಲ ಮೂಲೆಯಲ್ಲೇ ಇರುತ್ತದೆ. ಅದನ್ನು ಆಚೆ ಇಡದೆ, ನೆಲ ತಿಕ್ಕಲೆಂದು ಆಸಿಡ್ ಬಾಟಲಿ ತೆರೆಯುವವನಿಗೆ ಮುಂದಿನ ಅಧ್ಯಾಯ ಓದುವ ಯೋಗವಿಲ್ಲ. ಎರಡೂ ಕೂಡಿದರೆ ಏಳುವುದು ಕ್ಲೋರಿನ್ ಅನಿಲ.

4. ಪಂಥಭೇದ

ಮೊದಲನೆಯದು ಹಾಲು ಪಂಥ. ಇದರ ಮೂಲಸೂತ್ರ: “ಬುಡಿ ಸಾ, ಮ್ಯಾಲೊಂದ್ ಕೋಟು ಸಿಮೆಂಟ್ ಹಾಲು ಬುಟ್ರೆ ಕನ್ನಡಿ ಆಯ್ತದೆ.” ಆಗುವುದು ನಿಜ. ಆದರೆ ಧೂಳಿನ ಮೇಲೆ ಕೂತ ಕನ್ನಡಿ ಬೇಸಿಗೆ ಕಳೆಯುವುದರೊಳಗೆ ಮುದ್ದೆ ತಪ್ಪಲೆಯ ಸೀಕಲಿನಂತೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಎರಡನೆಯದು ಎಪಾಕ್ಸಿ ಪಂಥ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಕಂಡು ಬಂದವರು ಇದರ ಅನುಯಾಯಿಗಳು. ಎರಡು ಡಬ್ಬಗಳ ದ್ರವ ಬೆರೆಸಿದ ಕ್ಷಣದಿಂದ ಗಡಿಯಾರ ಓಡಲು ಶುರು. ಬಿಸಿಲು ಹೆಚ್ಚಿದಷ್ಟೂ ಬೇಗ ಗಟ್ಟಿಯಾಗುವ ಇದು, ಬೀಡಿ ಸೇದಿ ಬರುವಷ್ಟರಲ್ಲಿ ಡಬ್ಬದೊಳಗೇ ಶಿಲೆಯಾಗಲು ಹವಣಿಸುತ್ತದೆ. ತೇವದ ನೆಲಕ್ಕೆ ಬಳಿದರೆ ಬೊಬ್ಬೆ, ಎಣ್ಣೆಯ ನೆಲಕ್ಕೆ ಬಳಿದರೆ ಬಿಸಿ ಟೈರಿನ ಜೊತೆಗೇ ಪ್ರಯಾಣ.

ಮೂರನೆಯದು ಸಾರಣೆ ಪಂಥ. ಇದರ ಆಚಾರ್ಯರೆಲ್ಲ ಅಜ್ಜಿಯರು. “ವಾರವಾರ ಸಾರಿಸ ನೆಲಕ್ಕೆ ರಿಪೇರಿ ಅಂದ್ರೇನ್ ಮಗ?” ಎಂಬುದು ಅವರ ಒಂದೇ ಪ್ರಶ್ನೆ. ಸಗಣಿ ನೆಲ ಸವೆಯುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಸಾಮಾನು ಎತ್ತಿಟ್ಟು ಸಾರಿಸುತ್ತಿದ್ದರು. ಸಿಮೆಂಟು ‘ಪರ್ಮನೆಂಟು’ ಎಂದು ನಂಬಿದ ದಿನದಿಂದ ಅದರ ಮೇಲಿನದನ್ನು ಎತ್ತಿದವರಿಲ್ಲ.

5. ವಿಧಿ

ಖಾಲಿ ಮಾಡು, ಗುಡಿಸು. ಎಣ್ಣೆಯ ಮೇಲೆ ಮರದ ಹೊಟ್ಟು ಹರಡಿ ಹೀರಿಸು, ವಾಷಿಂಗ್ ಸೋಡಾದಲ್ಲಿ ಗಟ್ಟಿ ಬ್ರಷ್ಷು ಹಾಕಿ ಉಜ್ಜು. ಒಣಗಿದ ಮೇಲೆ ನಾಲ್ಕಾರು ಹನಿ ನೀರು ಚಿಮುಕಿಸು. ನೆಲ ಹೀರಿದರೆ ಸಿದ್ಧಿ, ಮುತ್ತಾಗಿ ನಿಂತರೆ ಇನ್ನೂ ಎಣ್ಣೆಯಿದೆ, ಪುನಃ ಉಜ್ಜು. ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಅಂಟಿಸಿ 16 ಗಂಟೆ ಬಿಡು. ಅಡಿಯಲ್ಲಿ ಬೆವರು ಕಂಡರೆ ಎಪಾಕ್ಸಿ ಡಬ್ಬ ಅಂಗಡಿಗೆ ವಾಪಸು.

ಬಿರುಕನ್ನು ಉಳಿಯಿಂದ ಅಗಲಿಸಿ, ಧೂಳು ಊದಿ ತೆಗೆದು ತುಂಬು. ಸಡಿಲ ಪದರವನ್ನು ಗ್ರೈಂಡರಿನಿಂದ ಕೆರೆ. ಆಸಿಡ್ಡೇ ಬೇಕೆಂಬ ಹಟವಿದ್ದರೆ ಆಸಿಡ್ಡನ್ನು ನೀರಿಗೆ ಹಾಕು, ನೀರನ್ನು ಆಸಿಡ್ಡಿಗಲ್ಲ. ಆಮೇಲೆ ನೆಲ ನೆನೆಸಿ, ನಿಂತ ನೀರು ಬಳಿದು, ಲ್ಯಾಟೆಕ್ಸ್ ಬೆರೆಸಿದ ಸಿಮೆಂಟ್ ಗಂಜಿ ಹಚ್ಚಿ, ಅದು ಆರುವ ಮುಂಚೆಯೇ ಹೊಸ ಗಾರೆ ಎಳೆ. ಒದ್ದೆ ಗೋಣಿಚೀಲ ಹೊದಿಸು.

6. ಕಾಲನಿರ್ಣಯ

ಶಾಸ್ತ್ರ ಸುಲಭ, ಮುಹೂರ್ತ ಕಷ್ಟ. ರಾಗಿ ಬಂದು ಬಿದ್ದಮೇಲೆ ಶೆಡ್ಡು ಖಾಲಿಯಿಲ್ಲ. ಶಿವರಾತ್ರಿಗೆ ಮೇಸ್ತ್ರಿ ಕಾಲ್ನಡಿಗೆಯಲ್ಲಿ ಮಾದಪ್ಪನ ಬೆಟ್ಟಕ್ಕೆ. ಯುಗಾದಿಗೆ ಮತ್ತೆ ಜಾತ್ರೆ, ಮೇಸ್ತ್ರಿ ಮತ್ತೆ ಬೆಟ್ಟಕ್ಕೆ. ಮುಂಗಾರು ಹನಿದರೆ ಹೊಲ. ದೀಪಾವಳಿಗೆ ಹಿಂಗಾರು ಮಳೆ ಒಂದು ಕಡೆ, ಬೆಟ್ಟದ ಜಾತ್ರೆಯ ಉಘೇ ಉಘೇ ಇನ್ನೊಂದು ಕಡೆ. ಉಳಿದ ಸಂದಿಯಲ್ಲಿ ಏಳು ದಿನ ಹೊತ್ತುಹೊತ್ತಿಗೆ ನೀರು ಹಾಕುವ ಮನುಷ್ಯ ಸಿಗಬೇಕು.

7. ನಿರ್ಣಯ

ಮೂರೂ ಪಂಥಗಳನ್ನು ಪರಾಮರ್ಶಿಸಲಾಗಿ, ನೆಲದ ಕೆಲಸದಲ್ಲಿ ಮುಕ್ಕಾಲು ಪಾಲು ಎತ್ತಿಡುವುದು, ಮಿಕ್ಕಿದ್ದು ತೊಳೆಯುವುದು, ಬಳಿಯುವುದು ಬರೀ ಮಂಗಳಾರತಿ ಎಂದು ತೀರ್ಮಾನವಾಗುತ್ತದೆ. ಆದಕಾರಣ ಗೆದ್ದದ್ದು ಅಜ್ಜಿಯರ ಪಂಥ. ಡಬ್ಬದ ಮೇಲೆ ಹತ್ತು ವರ್ಷ ಗ್ಯಾರಂಟಿ ಎಂದು ಅಚ್ಚಾಗಿದ್ದರೆ ಅದು ಡಬ್ಬಕ್ಕೆ ಮಾತ್ರ ಅನ್ವಯ ಎಂದು ವ್ಯಾಖ್ಯಾನಿಸತಕ್ಕದ್ದು.