ಉದಯೋನ್ಮುಖ ರೂಪದರ್ಶಿ

ಬೆಂಗಳೂರಿನ ಜೀವವೈವಿಧ್ಯವನ್ನು ಕುರಿತು ಬರೆದವರು ಹಕ್ಕಿ, ಚಿಟ್ಟೆ, ಮರಗಳಿಗೆ ಕೊಟ್ಟ ಗಮನವನ್ನು ಉದಯೋನ್ಮುಖ ರೂಪದರ್ಶಿಗೆ ಕೊಟ್ಟಂತೆ ಕಾಣುವುದಿಲ್ಲ. ಆದರೆ 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಬಿದಿರು ಮೆಳೆಯ ಪಕ್ಕದಲ್ಲೋ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಎದುರಿನಲ್ಲೋ ಅಡ್ಡಾಡಿದವರಿಗೆ ಈ ಜೀವಿ ಕಣ್ಣಿಗೆ ಬೀಳದೆ ಇರದು. ಇವನು ಸಾಮಾನ್ಯವಾಗಿ ಹಾಸನದಿಂದಲೋ ತುಮಕೂರಿನಿಂದಲೋ ಬಂದು, ವಾರದ ಐದು ದಿನ ಕಂಪ್ಯೂಟರಿನ ಮುಂದೆ ಕುಳಿತು, ಆರನೆಯ ದಿನವನ್ನು ಜಿಮ್ಮಿಗೆ ಒಪ್ಪಿಸಿ, ಏಳನೆಯ ದಿನ ಬೆನ್ನಿನ ಚೀಲದಲ್ಲಿ ನಾಲ್ಕು ಅಂಗಿ, ಒಂದು ಬ್ಲೇಜರ್, ಒಂದು ಡಬ್ಬಿ ಹೇರ್ ವ್ಯಾಕ್ಸ್ ಮತ್ತು ಗೆಳೆಯನಿಂದ ಎರವಲು ತಂದ ಕೈಗಡಿಯಾರದೊಡನೆ ಪ್ರತ್ಯಕ್ಷನಾಗುತ್ತಾನೆ. ಆ ಗಡಿಯಾರ ನಡೆಯುತ್ತಿರಬೇಕೆಂಬ ನಿಯಮವಿಲ್ಲ. ಅದನ್ನು ನೋಡುತ್ತಿರುವಂತೆ ಕಂಡರೆ ಸಾಕು.

ಇವನ ಛಾಯಾಗ್ರಾಹಕನೂ ಅದೇ ದರ್ಜೆಯ ಉದಯೋನ್ಮುಖನಾಗಿರುತ್ತಾನೆ. ಒಬ್ಬ ಮುಖವನ್ನೂ ಇನ್ನೊಬ್ಬ ಕ್ಯಾಮೆರಾವನ್ನೂ ಬಂಡವಾಳವಾಗಿ ಹೂಡಿ, ಯಾರಿಗೆ ಯಾರೂ ಕಾಸು ಕೊಡದೆ, ಬಂದ ಚಿತ್ರಗಳನ್ನು ಇಬ್ಬರೂ ಬಳಸಿಕೊಳ್ಳುವ ಈ ಏರ್ಪಾಡಿಗೆ ಕ್ಷೇತ್ರದಲ್ಲಿ ಟಿಎಫ್‌ಪಿ ಎಂಬ ಗಂಭೀರವಾದ ಹೆಸರಿದೆಯಾದರೂ, ನಾಟಿಯ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ನಡೆಯುವ ಮುಯ್ಯಾಳು ಪದ್ಧತಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಸೂರ್ಯೋದಯದ ಹೊಂಬಿಸಿಲಿನಲ್ಲಿ ಚಿತ್ರ ತೆಗೆಯಬೇಕೆಂದು ಹಿಂದಿನ ರಾತ್ರಿ ನಿಶ್ಚಯಿಸಿದ್ದರೂ ಕೂದಲಿನ ಅಲಂಕಾರ ಮುಗಿಯುವ ಹೊತ್ತಿಗೆ ಹನ್ನೊಂದು ಗಂಟೆಯಾಗಿರುತ್ತದೆ; ಬಿಸಿಲು ನೆತ್ತಿಯತ್ತ ಏರಿ, ಹುಬ್ಬಿನ ನೆರಳು ಕಣ್ಣಿನ ಗುಳಿಗಳನ್ನು ತುಂಬಿ, ರೂಪದರ್ಶಿ ಮೂರು ರಾತ್ರಿ ನಿದ್ದೆಗೆಟ್ಟವನಂತೆ ಕಾಣತೊಡಗಿದಾಗ, ಗಣೇಶನ ಮಂಟಪಕ್ಕೆ ತಂದು ಉಳಿದಿದ್ದ ಬಿಳಿ ಥರ್ಮೋಕೋಲ್ ಹಲಗೆಯೊಂದನ್ನು ಮೂರನೆಯ ಗೆಳೆಯ ಅವನ ಎದೆಯ ಮಟ್ಟದಲ್ಲಿ ಹಿಡಿದು, ಬೆಳಕನ್ನು ಕೆಳಗಿನಿಂದ ಮುಖಕ್ಕೆ ತಿರುಗಿಸುತ್ತಾನೆ. ಇಡೀ ತಂಡದಲ್ಲಿ ಭೌತಶಾಸ್ತ್ರಕ್ಕೆ ಅನುಗುಣವಾಗಿ ಕೆಲಸ ಮಾಡುವವನು ಇವನೊಬ್ಬನೇ. ಇವನ ಹೆಸರನ್ನು ಮಾತ್ರ ಯಾವ ಚಿತ್ರದ ಕೆಳಗೂ ಯಾರೂ ಹಾಕುವುದಿಲ್ಲ.

ಅಗಲ ನೋಟದ ಲೆನ್ಸನ್ನು ಒಂದು ಮೊಳದ ದೂರದಲ್ಲಿ ಹಿಡಿದು ತೆಗೆದ ಚಿತ್ರದಲ್ಲಿ ಮೂಗು ಮುಂದೆ ಬಂದು ಕಿವಿಗಳು ಹಿಂದೆ ಉಳಿಯುತ್ತವೆ. ಇದು ದೂರದ ದೋಷವೇ ಹೊರತು ಮೂಗಿನದಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು 85 ಮಿಲಿಮೀಟರಿನ ಲೆನ್ಸನ್ನು ಬಳಸಿದರೆ, ಅಂದರೆ ದೂರದಿಂದಲೇ ಮುಖವನ್ನು ಚೌಕಟ್ಟಿನ ತುಂಬ ಹಿಡಿಯಬಲ್ಲ ಲೆನ್ಸನ್ನು ಬಳಸಿದರೆ, ಮೂಗು ತನ್ನ ಸ್ಥಾನಕ್ಕೆ ಮರಳುತ್ತದೆ. ಆದರೆ ಉದಯೋನ್ಮುಖನು ಅಷ್ಟರಲ್ಲಿ ತಾಯಿಯ ಕಡೆಯ ವಂಶವಾಹಿಯನ್ನು ದೂರಿ ಮುಗಿಸಿರುತ್ತಾನೆ. ಕನ್ನಡಿಯೂ ಅವನಿಗೆ ಇದೇ ಬಗೆಯ ಮೋಸ ಮಾಡುತ್ತದೆ. ಅಲ್ಲಿ ಕಾಣುವುದು ಎಡಬಲ ಅದಲುಬದಲಾದ ಮುಖ. ಮನುಷ್ಯರು ತಮ್ಮ ಕನ್ನಡಿಯ ರೂಪವನ್ನೂ ಅವರ ಸ್ನೇಹಿತರು ಅವರ ನಿಜರೂಪವನ್ನೂ ಹೆಚ್ಚು ಮೆಚ್ಚುತ್ತಾರೆಂದು 1977ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದು ತೋರಿಸಿದೆ. ಹೀಗಾಗಿ ಬಚ್ಚಲಮನೆಯ ಕನ್ನಡಿಯ ಮುಂದೆ ತಿಂಗಳುಗಟ್ಟಲೆ ಪಳಗಿಸಿದ ಓರೆನಗೆ ಚಿತ್ರದಲ್ಲಿ ಇನ್ನೊಂದು ಕಡೆಗೆ ವಾಲಿದ್ದನ್ನು ಕಂಡು, ಅವನು ಕ್ಯಾಮೆರಾ ಕೆಟ್ಟಿದೆಯೆಂದು ತೀರ್ಮಾನಿಸುತ್ತಾನೆ.

ಆದರೆ ಈ ಜೀವಿಯ ನಿಜವಾದ ಸಂಕಟ ಮುಖದ್ದಲ್ಲ, ಕೈಗಳದ್ದು. ಇಪ್ಪತ್ತನಾಲ್ಕು ವರ್ಷ ಯಾವ ತಕರಾರೂ ಇಲ್ಲದೆ ಜೊತೆಗಿದ್ದ ಎರಡು ಕೈಗಳು ಕ್ಯಾಮೆರಾ ಎದ್ದ ಕ್ಷಣ ಮದುವೆ ಮನೆಗೆ ಕರೆಯದೆ ಬಂದ ನೆಂಟರಂತೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡುತ್ತವೆ. ಒಂದನ್ನು ಜೇಬಿಗೆ ತುರುಕಿದರೆ ಇನ್ನೊಂದು ಕುತ್ತಿಗೆಯನ್ನು ಹಿಡಿದು ಹಲ್ಲುನೋವಿನ ಜಾಹೀರಾತಿನ ನೆನಪು ತರುತ್ತದೆ; ಎರಡನ್ನೂ ಎದೆಯ ಮೇಲೆ ಕಟ್ಟಿಕೊಂಡರೆ ಕೋಚಿಂಗ್ ಸೆಂಟರಿನ ಫ್ಲೆಕ್ಸಿನಲ್ಲಿ ನಿಂತ ಗಣಿತದ ಮೇಷ್ಟ್ರಂತೆ ಆಗುತ್ತದೆ. 1839ರಲ್ಲಿ ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದ ಹೊಸತರಲ್ಲಿ ಒಂದು ಚಿತ್ರಕ್ಕೆ ಬಹಳ ಹೊತ್ತು ಅಲುಗಾಡದೆ ಕೂರಬೇಕಿದ್ದುದರಿಂದ ಸ್ಟುಡಿಯೋಗಳಲ್ಲಿ ತಲೆಯ ಹಿಂದೆ ಕಬ್ಬಿಣದ ಹಿಡಿಕೆ ಕೊಡುತ್ತಿದ್ದರು, ಆ ಕಾಲದವರ ಬಿಗಿದ ಮುಖಕ್ಕೆ ಆ ನೆಪವಾದರೂ ಇತ್ತು. ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ಹೊತ್ತಿಗೆ ನಮ್ಮ ರೂಪದರ್ಶಿ ಉಸಿರು ಕಟ್ಟಿ, ಭುಜ ಏರಿಸಿ, ಯಾವ ಹಿಡಿಕೆಯೂ ಇಲ್ಲದೆ ಅದೇ ಬಿಗಿತವನ್ನು ಸಾಧಿಸುತ್ತಾನೆ. ಉಸಿರನ್ನು ನಿಧಾನವಾಗಿ ಹೊರಬಿಡುತ್ತ, ಗದ್ದವನ್ನು ತುಸು ಮುಂದಕ್ಕೆ ಚಾಚಿ ಕೆಳಗಿಳಿಸುವುದು ಇದಕ್ಕೆ ಬಲ್ಲವರು ಹೇಳುವ ಮದ್ದು. ಗಮನಿಸತಕ್ಕದ್ದೆಂದರೆ, ಊರಿನ ಬಸ್‌ಸ್ಟ್ಯಾಂಡಿನ ಎದುರಿನ ಸ್ಟುಡಿಯೋದ ಮುದುಕರು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫೋಟೋ ತೆಗೆಯುವಾಗ ಅವನ ಗದ್ದಕ್ಕೆ ಎರಡು ಬೆರಳಿಟ್ಟು ಮಾಡಿದ್ದೂ ಇದನ್ನೇ. ಆ ಫೋಟೋವನ್ನು ಅವನು ಈವರೆಗೆ ಯಾರಿಗೂ ತೋರಿಸಿಲ್ಲ.

ವರ್ಷದೊಳಗೆ ಮೂರು ಸಾವಿರ ಚಿತ್ರಗಳು ಕೂಡಿದ ಮೇಲೆ ಅವನು ಮಾಡೆಲಿಂಗ್ ಏಜೆನ್ಸಿಯೊಂದಕ್ಕೆ ಬರೆಯುತ್ತಾನೆ. ಅಲ್ಲಿಂದ ಬರುವ ಉತ್ತರ ಬಿದಿರು ಮೆಳೆಯನ್ನೂ ಬ್ಲೇಜರನ್ನೂ ಗಡಿಯಾರವನ್ನೂ ವಿಚಾರಿಸದೆ, ‘ಡಿಜಿಟಲ್ಸ್’ ಕಳಿಸಿ ಎಂದಷ್ಟೇ ಹೇಳುತ್ತದೆ. ಬಣ್ಣ ಬಳಿಯದ ಮುಖ, ಸಾದಾ ಬಟ್ಟೆ, ಖಾಲಿ ಗೋಡೆ, ಎದುರಿನಿಂದ ಒಂದು, ಪಕ್ಕದಿಂದ ಒಂದು, ನಿಂತದ್ದೊಂದು, ಯಾವುದನ್ನೂ ತಿದ್ದದೆ ತೆಗೆದ ಇಂಥ ಚಿತ್ರಗಳಿಗೆ ಆ ಹೆಸರು. ಹಬ್ಬಕ್ಕೆ ಊರಿಗೆ ಹೋದಾಗ ಅವನು ಅದೇ ಸ್ಟುಡಿಯೋದ ಸ್ಟೂಲಿನ ಮೇಲೆ ಕೂರುತ್ತಾನೆ; ಮುದುಕರು ಕನ್ನಡಕ ಏರಿಸಿ, ಗದ್ದಕ್ಕೆ ಎರಡು ಬೆರಳಿಟ್ಟು ಕೆಳಗಿಳಿಸಿ, ಒಂದೇ ಸಲ ಕ್ಲಿಕ್ಕಿಸಿ, ಕಂಪ್ಯೂಟರಿನತ್ತ ತಿರುಗಿ ಕೇಳುತ್ತಾರೆ: “ಎಂಟು ಕಾಪಿ ಸಾಕೇನಪ್ಪ, ಹದಿನಾರು ಹಾಕ್ಲಾ?”