ತಕ್ಕಡಿಯ ಪಾದಯಾತ್ರೆ

ಶಿವರಾತ್ರಿ ಹತ್ತಿರವಾಯಿತೆಂದರೆ ಗುಂಡ್ಲುಪೇಟೆ, ಚಾಮರಾಜನಗರ ಕಡೆಯ ಹುಡುಗರು ಗುಂಪು ಕಟ್ಟಿಕೊಂಡು ಮಾದಪ್ಪನ ಬೆಟ್ಟಕ್ಕೆ ನಡೆದೇ ಹೊರಡುತ್ತಾರೆ. ಗುಂಪಿಗೊಬ್ಬ ತಕ್ಕಡಿ ಇದ್ದೇ ಇರುತ್ತಾನೆ. ಬೆಂಗಳೂರಲ್ಲಿ ಕೆಲಸ, ಮೊಬೈಲಿನಲ್ಲಿ ಚಾರಣದ ವಿಡಿಯೊ ನೋಡಿ ಗಳಿಸಿದ ಪಾಂಡಿತ್ಯ.

ಹೊರಡುವ ಹಿಂದಿನ ರಾತ್ರಿ ಬ್ಯಾಗನ್ನು ಕೊಕ್ಕೆಗೆ ತೂಗುಹಾಕಿ ಗ್ರಾಂ ಎಣಿಸುತ್ತಾನೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ತುಂಡಾಗುತ್ತದೆ, ಟವೆಲು ಅರ್ಧವಾಗುತ್ತದೆ. ಅವ್ವ ಕೊಟ್ಟ ಚಕ್ಕುಲಿ ಮನೆಯಲ್ಲೇ ಉಳಿಯುತ್ತದೆ, ಯಾಕೆಂದರೆ ಡಬ್ಬಿ ಸ್ಟೀಲಿನದು. ಎರಡು ಪವರ್‌ಬ್ಯಾಂಕ್, ಸೆಲ್ಫಿ ಕೋಲು ಮಾತ್ರ ತಕ್ಕಡಿಗೆ ಏರುವುದಿಲ್ಲ. ಅವು ಸಾಮಾನಲ್ಲವಂತೆ, ‘ಅಗತ್ಯ’ವಂತೆ.

‘ಒಂದು ಲೀಟರ್ ನೀರು ಅಂದ್ರೆ ಒಂದು ಕೆ.ಜಿ. ಕಣ್ರೋ!’ ಇದು ಅವನ ಮಹಾಮಂತ್ರ. ವಿಜ್ಞಾನ ಸರಿಯಾಗೇ ಇದೆ. ಬೆನ್ನಿನ ಹೊರೆ ಮೈತೂಕದ ಐದನೇ ಒಂದು ಪಾಲು ದಾಟಬಾರದು ಎಂಬ ಚಾರಣಿಗರ ಲೆಕ್ಕವೂ ಅವನಿಗೆ ಬಾಯಿಪಾಠ. ಆ ಲೆಕ್ಕ ಕೂಡಿಸಲು ಅವನು ಕಳೆದದ್ದು ನೀರನ್ನು. ಒಯ್ಯುವುದು ಅರ್ಧ ಲೀಟರಿನ ಬಾಟಲಿ, ಅದೂ ಮುಕ್ಕಾಲು ತುಂಬಿಸಿ.

ಸಂತೇಮರಹಳ್ಳಿ, ಯಳಂದೂರು, ಕೊಳ್ಳೇಗಾಲ. ದಾರಿಯುದ್ದಕ್ಕೂ ಭಕ್ತರು ಅರವಟ್ಟಿಗೆ ಹಾಕಿ ಪಾನಕ, ಮಜ್ಜಿಗೆ ಹಿಡಿದು ಕರೆಯುತ್ತಾರೆ. ತಕ್ಕಡಿ ನಿಲ್ಲುವುದಿಲ್ಲ; ನಿಂತರೆ ವಾಚಿನಲ್ಲಿ ವೇಗ ಇಳಿಯುತ್ತದೆ. ಹೆಗಲಿಗೊಂದು ಟವೆಲು, ಕೈಗೊಂದು ಕೋಲು ಬಿಟ್ಟರೆ ಬೇರೇನೂ ಇಲ್ಲದೆ ಗುಂಪಿನ ಜೊತೆ ಬಂದ ಮಾವ ಮಾತ್ರ ಸಿಕ್ಕ ಸಿಕ್ಕಲ್ಲಿ ಉಪ್ಪು ಹಾಕಿದ ಮಜ್ಜಿಗೆ ಎರಡೆರಡು ಲೋಟ ಇಳಿಸುತ್ತಾರೆ. ಬೆವರಿನಲ್ಲಿ ಹೋದ ಉಪ್ಪೂ ವಾಪಸು ಬಂತು.

‘ಅಷ್ಟು ಕುಡಿದ್ರೆ ಭಾರ ಆಗಲ್ವಾ ಮಾವ?’

‘ಹೊಟ್ಟೇಲಿರ ನೀರ್ಗ ಪಟ್ಟಿ ಬ್ಯಾಡ ಕನಪ್ಪ, ಹೆಗಲು ಉಜ್ಜದಿಲ್ಲ.’

ಹನೂರು ದಾಟಿ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬಾಟಲಿ ಖಾಲಿ. ಇಲ್ಲಿಂದ ತಕ್ಕಡಿಯ ಎರಡನೇ ಅಧ್ಯಾಯ. ‘ಒಂದ್ ಗುಟುಕು ಕೊಡೋ ಮಗಾ.’ ಅವನ ಗುಟುಕಿಗೆ ಕಾಲು ಬಾಟಲಿ ಹಿಡಿಯುತ್ತದೆ. ಸಭ್ಯಸ್ಥ, ಎಂಜಲು ಮಾಡುವುದಿಲ್ಲ. ಎತ್ತಿ ಕುಡಿಯುತ್ತಾನೆ, ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಕೊಟ್ಟವನು ಮುಖ ಸಿಂಡರಿಸಿದರೆ ಉತ್ತರ ಸಿದ್ಧ: ‘ನಿನ್ ಭಾರಾನೇ ಕಮ್ಮಿ ಮಾಡ್ತಿದ್ದೀನಿ ಕಣೋ!’

ಸಂಜೆಗೆ ಒಬ್ಬನ ಸೋಪು, ಇನ್ನೊಬ್ಬನ ಪೇಸ್ಟು, ಮತ್ತೊಬ್ಬನ ಹೊದಿಕೆಯ ಅರ್ಧ. ಕೌದಳ್ಳಿಯಲ್ಲಿ ಪವರ್‌ಬ್ಯಾಂಕ್‌ಗಳೂ ಬೇರೆಯವರ ಬ್ಯಾಗು ಸೇರುತ್ತವೆ. ತಾಳಬೆಟ್ಟದಿಂದ ಕಾಡಿನ ಏರು. ಎಲ್ಲರೂ ಏದುಸಿರಲ್ಲಿ ‘ಉಘೇ ಮಾದಪ್ಪ’ ಅನ್ನುವಾಗ ಗಟ್ಟಿ ದನಿ ಅವನೊಬ್ಬನದೇ. ಬೆಟ್ಟ ಮುಟ್ಟಿದ ಕೂಡಲೇ ಸ್ಟೇಟಸ್ಸು: ‘ಮೂರೇ ಕೆ.ಜಿ.ಯಲ್ಲಿ ಮಾದಪ್ಪನ ದರ್ಶನ.’

ಮುಂದಿನ ಶಿವರಾತ್ರಿಗೆ ಅವನು ಇನ್ನೂ ಶಿಸ್ತಾಗಿದ್ದಾನೆ. ಹೊರಡುವ ಮುನ್ನ ಎಲ್ಲರ ಬ್ಯಾಗುಗಳನ್ನೂ ತಾನೇ ಕೊಕ್ಕೆಗೆ ಹಾಕಿ ನೋಡಿ, ಒಬ್ಬನನ್ನು ಗದರಿಸುತ್ತಿದ್ದಾನೆ: ‘ಏನೋ ಇದು, ನೀರು ಒಂದೇ ಲೀಟರ್? ನಮಗೆ ಸಾಕಾಗುತ್ತೇನೋ?’